ಅಸಲಿ, ನಕಲಿ, ಒಗರು

ಚಾಕಲೇಟಿನ ಕೋರ್ಸು ಮುಗಿಸಿದ ಇಬ್ಬರು ಹೋದ ತಿಂಗಳು ವಿಲೆ ಪಾರ್ಲೆಯ ನಮ್ಮ ಮನೆಗೆ ಬಂದಿದ್ದರು. ಒಬ್ಬಳು ನನ್ನ ಗೆಳೆಯನ ಮೊಮ್ಮಗಳು, ಇನ್ನೊಬ್ಬ ಅವಳ ಜೊತೆ ಕಲಿತವನು. ಕೈಯಲ್ಲಿ ಥರ್ಮಾಮೀಟರು, ನೋಟ್‌ಬುಕ್ಕು. ಇಬ್ಬರೂ ಸೇರಿ ಬಾಂದ್ರಾದಲ್ಲಿ ಅಂಗಡಿ ಇಡುತ್ತಾರಂತೆ.

"ಅಂಕಲ್, ನಿಮ್ಮ ಟೈಮಿನಾಗ ಡಾರ್ಕ್ ಅಂದ್ರ ಎಷ್ಟು ಪರ್ಸೆಂಟ್?" ಎಂದು ಹುಡುಗಿ ಕೇಳಿದಳು.

ನಮ್ಮ ಕಾಲದಲ್ಲಿ ಪರ್ಸೆಂಟು ಎಂಬುದು ಪರೀಕ್ಷೆಯಲ್ಲಿ ಫೇಲಾದವರ ಮನೆಯಲ್ಲಿ ಮಾತ್ರ ಕೇಳಿಬರುತ್ತಿದ್ದ ಶಬ್ದ ಎಂದೆ. ಅವಳು ಅದನ್ನೂ ಬರೆದುಕೊಂಡಳು. ಇವರಿಗೆ ಬಾಯಲ್ಲಿ ಹೇಳುವುದಕ್ಕಿಂತ ನಾನೇ ಬರೆದುಕೊಡುವುದು ವಾಸಿ ಅನ್ನಿಸಿತು. ಕನ್ನಡದಲ್ಲಿ ಬರೆದರೆ ಅವರಿಗೆ ಓದಲು ಬರುವುದಿಲ್ಲ, ಅದು ಬೇರೆ ಮಾತು. ಅಜ್ಜನಿಂದ ಓದಿಸಿಕೊಳ್ಳಲಿ. ಅಜ್ಜನಿಗೂ ಒಂದು ಕೆಲಸ ಸಿಕ್ಕ ಹಾಗಾಯಿತು.

ನಾನು ಈ ಕೆಲಸಕ್ಕೆ ಸೇರಿದ್ದು ಅರವತ್ತರ ದಶಕದ ಕೊನೆಯಲ್ಲಿ, ಬೈಕುಲ್ಲಾದ ಒಂದು ಸಣ್ಣ ಕಾರ್ಖಾನೆಯಲ್ಲಿ. ಮುಂದೆ ದೊಡ್ಡ ಜಾಗಗಳಿಗೂ ಹೋದೆ, ಕುರ್ಚಿಗಳೂ ಸಿಕ್ಕವು. ಕುರ್ಚಿಯ ಕಥೆ ಕೂತವನಿಗೆ ಮಾತ್ರ ರುಚಿ. ಕಲಿತದ್ದೆಲ್ಲ ಬೈಕುಲ್ಲಾದಲ್ಲೇ, ನಿಂತುಕೊಂಡೇ.

ನಮ್ಮೂರು ಜಮಖಂಡಿಯ ಕಡೆ. ಮನೆಯಲ್ಲಿ ದಖನಿ, ಶಾಲೆಯಲ್ಲಿ ಕನ್ನಡ. ಮುಂಬಯಿಯಲ್ಲಿ ನನ್ನ ಮಾಮು ತಗಡಿನ ಡಬ್ಬಿ ಮಾಡುತ್ತಿದ್ದ. ಆ ಡಬ್ಬಿಗಳು ಹೋಗುತ್ತಿದ್ದದ್ದು ಈ ಚಾಕಲೇಟು ಕಾರ್ಖಾನೆಗೆ. ಊರಿನ ಶಾಲೆಯಲ್ಲಿ ಹೆಡ್ಮಾಸ್ತರ ನಡಿಗೆ ನಡೆದು ತೋರಿಸಿ ಓದಿಗೆ ನಮಸ್ಕಾರ ಹೇಳಿದ್ದ ನನ್ನನ್ನು ಮಾಮು ಅಲ್ಲಿಗೆ ಕರೆದುಕೊಂಡು ಹೋದ. ಬಾಗಿಲಲ್ಲೇ, "ದೇಖ್ ರೇ ರಾಜೇಸಾಬ, ಯಹಾಂ ಮಸ್ಕಿರಿ ನಕೋ ಕರ್" ಎಂದು, ಚೇಷ್ಟೆ ಬೇಡವೆಂದು ಎಚ್ಚರಿಸಿದ. ನಾನು ಅವನದೇ ದನಿಯಲ್ಲಿ "ನಕೋ ಕರ್" ಎಂದೆ. ಒಳಗಿನಿಂದ ಯಾರೋ ನಕ್ಕರು. ಕೆಲಸ ಸಿಕ್ಕಿದ್ದು ಆ ನಗುವಿನಿಂದ ಎಂದು ನಾನು, ಡಬ್ಬಿಯಲ್ಲಿ ಬಿಟ್ಟ ರಿಯಾಯಿತಿಯಿಂದ ಎಂದು ಮಾಮು, ಇಬ್ಬರೂ ಕೊನೆಯವರೆಗೂ ವಾದಿಸಿದೆವು.

ನಕ್ಕವರು ಮಾಲಕಿ, ಡೊರೋಥಿ ಮೇಡಂ. ಬಾಂದ್ರಾದಲ್ಲಿ ಅವರ ಅಂಗಡಿ, ಬೈಕುಲ್ಲಾದಲ್ಲಿ ತಯಾರಿ. ದಪ್ಪ ಕನ್ನಡಕ, ಹೂವಿನ ಫ್ರಾಕು. ಪ್ರತಿ ಮಾತನ್ನೂ "ಲಿಸನ್" ಎಂದು ಶುರು ಮಾಡಿ ಎದುರಿನವರ ಮಾತನ್ನು ಮಾತ್ರ ಕೇಳುತ್ತಿರಲಿಲ್ಲ. ಸೇರಿದ ನಾಲ್ಕನೆಯ ದಿನ ಗೋಡೆಯ ಮರೆಯಿಂದ "ಲಿಸನ್, ಚಾಯ್ ಪೀಲೋ" ಎಂದು ಅವರ ದನಿಯಲ್ಲಿ ಕೂಗಿ ಇಡೀ ಕಾರ್ಖಾನೆಗೆ ಅರ್ಧ ಗಂಟೆ ಮುಂಚೆ ಚಹಾ ಕುಡಿಸಿದ್ದೆ.

ಕೆಲಸದ ಯಜಮಾನ ಮಾತ್ರ ಬೇರೆ, ಶಿವಲಿಂಗಪ್ಪ ಎಂದು. ಅವರೂ ನಮ್ಮ ಕಡೆಯವರು. ಚಿಕ್ಕಂದಿನಲ್ಲೇ ಊರು ಬಿಟ್ಟು ಬಂದು ಒಬ್ಬ ಗೋವಾದ ಬೇಕರಿಯವನ ಕೈಕೆಳಗೆ ಕಲಿತವರು. ಎಲ್ಲರಿಗೂ ಅವರು ಕಾಕಾ. ಕಾರ್ಖಾನೆಯಲ್ಲಿ ರುಚಿಯ ಕೊನೆಯ ಮಾತು ಅವರದು. ಕಾಕಾ ಬಾಯಿಗಿಟ್ಟು "ಚಲೋ ಐತಿ" ಅನ್ನುವವರೆಗೆ ಒಂದು ತುಂಡೂ ಬಾಂದ್ರಾಕ್ಕೆ ಹೋಗುತ್ತಿರಲಿಲ್ಲ.

ಮೊದಲ ದಿನ ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಏನಲೇ ರಾಜ್ಯಾ, ನಕಲಿ ಮಾಡಾಕ ಬಂದೀಯೊ, ದುಡ್ಯಾಕ ಬಂದೀಯೊ?" ಎಂದರು.

"ಎರಡೂನೂರಿ ಕಾಕಾ."

"ಹಂಗಾರ ನಕಲಿ ಕಡೆಗೇ ನಿಂದರು."

ನಮ್ಮ ಕಡೆ ಅಣಕಿಸಿ ನಗಿಸುವುದಕ್ಕೆ ನಕಲಿ ಮಾಡುವುದು ಎನ್ನುತ್ತಾರೆ. ಕಾಕಾ ಹೇಳಿದ ನಕಲಿ ಮಾತ್ರ ಕಾರ್ಖಾನೆಯದು. ಅಲ್ಲಿ ಚಾಕಲೇಟಿಗೆ ಎರಡೇ ಜಾತಿ: ಅಸಲಿ ಮತ್ತು ನಕಲಿ. ಕೋಕೋ ಬೀಜದಿಂದ ಬರುವ ಬೆಣ್ಣೆಯೇ ಉಳಿದದ್ದು ಅಸಲಿ. ಆ ಬೆಣ್ಣೆ ತೆಗೆದು, ಕೋಕೋ ಪುಡಿಗೆ ಗಟ್ಟಿ ವನಸ್ಪತಿ ಸೇರಿಸಿದ್ದು ನಕಲಿ. ನೀವು ಈಗ ಕಾಂಪೌಂಡು ಎನ್ನುವಿರಲ್ಲ, ಅದು. ನನ್ನ ಮೊದಲ ಎಂಟು ತಿಂಗಳು ನಕಲಿಯ ಕಡಾಯಿಯ ಮುಂದೆಯೇ ಹೋದವು.

ನಕಲಿಯನ್ನು ಈಗಿನವರು ಮೂಗು ಮುರಿದು ನೋಡುತ್ತಾರೆ. ಬಾಯಲ್ಲಿ ಅದು ಕರಗುವುದಿಲ್ಲ, ಮೇಣದ ಹಾಗೆ ಅಂಗುಳಕ್ಕೆ ಹತ್ತಿಕೊಳ್ಳುತ್ತದೆ ಎಂಬುದು ನಿಜ. ಆದರೆ ಕರಗಿಸಿ ಸುರಿದರೆ ಸಾಕು, ತಾನೇ ಗಟ್ಟಿಯಾಗುತ್ತದೆ. ಮೇ ತಿಂಗಳಲ್ಲಿ ಲೋಕಲ್ ರೈಲಿನ ಡಬ್ಬಿಯಲ್ಲಿ ಬೋರಿವಲಿಯವರೆಗೆ ಹೋಗಬೇಕಾದ ಬಿಸ್ಕೀಟಿಗೆ ಅಸಲಿಯನ್ನು ಹೊದಿಸಿದರೆ ಅಂಧೇರಿಯಲ್ಲೇ ಅದು ಪ್ರಯಾಣಿಕರ ಪ್ಯಾಂಟಿಗೆ ಹೊದಿಕೆಯಾಗುತ್ತದೆ. "ನಕಲಿಗೂ ಕೆಲಸ ಐತಿ" ಎನ್ನುತ್ತಿದ್ದರು ಕಾಕಾ. "ಬಿಸಲಾಗ ಅಸಲಿ ಕರಗತದ, ನಕಲಿ ನಿಂದರತದ." ನನ್ನನ್ನು ನೋಡಿಕೊಂಡೇ ಹೇಳುತ್ತಿದ್ದರಾದ್ದರಿಂದ ಅದು ಬೈಗುಳವೋ ಹೊಗಳಿಕೆಯೋ ತಿಳಿಯುತ್ತಿರಲಿಲ್ಲ.

ಅಸಲಿಯಲ್ಲಿ ಮತ್ತೆ ಮೂರು. ಕಪ್ಪು, ಹಾಲಿನದು, ಬಿಳಿ. ಕಪ್ಪಿನಲ್ಲಿ ಕೋಕೋ ಹೆಚ್ಚು, ಸಕ್ಕರೆ ಕಡಿಮೆ, ಹಾಲಿಲ್ಲ. ಅದರ ಕಹಿ ಕೇಕಿನೊಳಗೆ, ಕ್ರೀಮಿನೊಳಗೆ, ಎಷ್ಟು ಸಿಹಿಯ ನಡುವೆ ಕೂತರೂ ತನ್ನ ದನಿ ಬಿಡುವುದಿಲ್ಲ. ಬೇಕರಿಯವರು ಕೇಳುತ್ತಿದ್ದದ್ದು ಅದನ್ನೇ. ಹಾಲಿನದನ್ನು ಅದೇ ಕೇಕಿಗೆ ಹಾಕಿದರೆ ಬರೀ ಸಿಹಿ ಉಳಿಯುತ್ತದೆ, ಚಾಕಲೇಟು ಎಲ್ಲಿ ಹೋಯಿತು ಎಂದು ಹುಡುಕಬೇಕು. ಅದು ಹಾಗೇ ತಿನ್ನುವುದಕ್ಕೆ, ಈಸ್ಟರಿನ ಮೊಟ್ಟೆಗೆ, ಮಕ್ಕಳ ಚಾಕಲೇಟ್ ಬಾರಿಗೆ. ಬಿಳಿಯಲ್ಲಿ ಕೋಕೋದ ಬೆಣ್ಣೆ ಮಾತ್ರ, ಜೊತೆಗೆ ಹಾಲಿನ ಪುಡಿ, ಸಕ್ಕರೆ. ನಾನು ಅದನ್ನು ಮೊದಲ ಸಲ ನೋಡಿದಾಗ ಖವಾ ಎಂದುಕೊಂಡು ಒಂದು ತುಂಡು ಮುರಿದು ತಿಂದೆ, ತಿಂದ ಮೇಲೂ ಖವಾ ಎಂದೇ ವಾದಿಸಿದೆ. ಅದು ಶೃಂಗಾರದ ಸಾಮಾನು: ಕಪ್ಪಿನ ಮೇಲೆ ಗೆರೆ ಎಳೆಯಲು, ಗುಲಾಬಿ ಮಾಡಲು. ನೀರಿನ ಬಣ್ಣ ಹಾಕಿದರೆ ಒಡೆದುಹೋಗುತ್ತದೆ, ಎಣ್ಣೆಯ ಬಣ್ಣವೇ ಬೇಕು.

ಬಿಸಿಯ ವಿಷಯದಲ್ಲಿ ಮೂರಕ್ಕೂ ಮೂರು ಸ್ವಭಾವ. ಕಪ್ಪು ಸ್ವಲ್ಪ ತಾಳುತ್ತದೆ, ಹಾಲಿನದು ಅದಕ್ಕಿಂತ ಕಡಿಮೆ, ಬಿಳಿಗೆ ಬೇಗ ಸಿಟ್ಟು. ಕರಗಿಸಿದ್ದನ್ನು ಅಮೃತಶಿಲೆಯ ಕಲ್ಲಿನ ಮೇಲೆ ಸುರಿದು, ಸವರಿ, ಮತ್ತೆ ಒಟ್ಟುಗೂಡಿಸಿ ತಣಿಸಬೇಕು. ಅದನ್ನು ಮಾಡದಿದ್ದರೆ ನಾಲ್ಕು ದಿನದಲ್ಲಿ ಮೈಮೇಲೆ ಬೂದಿ ಬಳಿದುಕೊಂಡು ಕೂರುತ್ತದೆ. ನಮಗೆ ಥರ್ಮಾಮೀಟರು ಇರಲಿಲ್ಲ, ಕೆಳತುಟಿ ಇತ್ತು. ಕಡ್ಡಿಯ ತುದಿಯಲ್ಲಿ ತೆಗೆದು ತುಟಿಗೆ ಮುಟ್ಟಿಸಿದರೆ ತುಸು ತಂಪೆನಿಸಬೇಕು. ಕಾಕಾ ಇದನ್ನು ನನಗೆ ಹೇಳಿಕೊಡಲಿಲ್ಲ. ನಾನು ಅವರನ್ನು ಅಣಕಿಸುತ್ತ ಕಲಿತೆ. ಅವರ ಮಣಿಕಟ್ಟು ತಿರುಗುವ ರೀತಿ, ತುಟಿ ಮುಂದೆ ಬರುವ ರೀತಿ, ಎಡಗಾಲಿನ ಮೇಲೆ ಭಾರ ಬಿಡುವ ರೀತಿ ಎಲ್ಲವನ್ನೂ ನಗಿಸಲಿಕ್ಕೆಂದು ಮಾಡುತ್ತಿದ್ದೆ. ಒಂದು ದಿನ ನೋಡಿದರೆ ಕಲ್ಲಿನ ಮೇಲೆ ನಾನು ಮಾಡಿದ ಚಾಕಲೇಟೂ ಕಾಕಾನದರಂತೆ ಹೊಳೆಯುತ್ತಿತ್ತು. ಹೊಸಬರಿಗೆ ಇದೊಂದು ಮಾತು: ಗುರುವನ್ನು ಗೌರವಿಸಿ, ಆದರೆ ಬೆನ್ನ ಹಿಂದೆ ಚೆನ್ನಾಗಿ ಅಣಕಿಸಿ. ಕೈ ಕೂರುತ್ತದೆ.

ತಪ್ಪುಗಳೂ ಆದವು. ಮಳೆಗಾಲದಲ್ಲಿ ಲೋಕಲಿನಿಂದ ತೊಯ್ದುಕೊಂಡು ಬಂದು, ತಲೆ ಒರೆಸದೆ ಕಪ್ಪಿನ ಪಾತ್ರೆಗೆ ಬಗ್ಗಿದೆ. ಕೂದಲಿನಿಂದ ಒಂದೆರಡು ಹನಿ ಬಿತ್ತು. ಎಣ್ಣೆಯಂತೆ ಹರಿಯುತ್ತಿದ್ದದ್ದು ನೋಡನೋಡುತ್ತ ಹೊಲದ ಹೆಂಟೆಯಾಯಿತು. ನಾನು ಪಾತ್ರೆ ಬಚ್ಚಿಡುವ ಜಾಗ ಹುಡುಕುತ್ತಿದ್ದಾಗ ಕಾಕಾ ಬಂದರು. ಬೈಯಲಿಲ್ಲ. ಒಂದು ತಂಬಿಗೆ ಬಿಸಿ ಹಾಲು ತರಿಸಿ ಅದಕ್ಕೇ ಸುರಿದು ತಿರುವಿದರು. ಹೆಂಟೆ ಮತ್ತೆ ಮೆತ್ತಗಾಗಿ ಕೇಕಿನ ಮೇಲೆ ಸುರಿಯುವ ಸಾರಾಯಿತು. "ಇದಕ್ಕ ಒಂದ ಹನಿ ನೀರು ವಿಷಾ, ಒಂದ ತಂಬಗಿ ಅಮೃತ" ಎಂದರು. "ಹಾಳಾದ್ರ ಪೂರಾ ಹಾಳ ಮಾಡು, ಅರ್ಧಾ ಬಿಡಬ್ಯಾಡ."

ಇನ್ನೊಂದು ತಪ್ಪು ಈಸ್ಟರಿನದು. ಆಗ ನಾನು ಸೇರಿ ಕೆಲವು ವರ್ಷಗಳಾಗಿದ್ದವು. ಬೈಕುಲ್ಲಾದ ತರಕಾರಿ ಮಾರ್ಕೆಟ್ಟು ನಮಗೆ ಹತ್ತಿರ. ಪಕ್ಕದ ಗೋದಾಮಿನವರು ಉಳ್ಳಾಗಡ್ಡಿ ಮೂಟೆಗಳನ್ನು ನಮ್ಮ ಹಿಂದಿನ ಓಣಿಯಲ್ಲಿ ಒಟ್ಟುತ್ತಿದ್ದರು. ಹಾಲಿನ ಚಾಕಲೇಟಿನ ಮೊಟ್ಟೆಗಳ ತಟ್ಟೆಗಳನ್ನು ಗಾಳಿಯಾಡಲೆಂದು ನಾನು ಆ ಕಿಟಕಿಯ ಹತ್ತಿರ ಇಟ್ಟೆ. ಚಾಕಲೇಟು ವಾಸನೆಯನ್ನು ಹೀರುತ್ತದೆ, ಹಾಲಿನದು ಮತ್ತು ಬಿಳಿ ಬೇಗ ಹೀರುತ್ತವೆ. ಬೆಳಿಗ್ಗೆ ಕಾಕಾ ಒಂದು ಚೂರು ಬಾಯಿಗಿಟ್ಟು "ಚಲೋ ಐತಿ" ಎಂದರು, ಮಾಲು ಬಾಂದ್ರಾಕ್ಕೆ ಹೋಯಿತು. ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದ ಒಬ್ಬ ಅಜ್ಜಿ ತನ್ನ ಮೊಟ್ಟೆಯನ್ನು ಕೌಂಟರಿನ ಮೇಲಿಟ್ಟು, ಇದರಲ್ಲಿ ಭಜಿಯ ವಾಸನೆ ಬರುತ್ತದೆ, ಚಟ್ನಿ ಎಲ್ಲಿ ಎಂದು ಕೇಳಿದಳಂತೆ. ಮೇಡಂ ಅದನ್ನು ನನಗೆ ಹೇಳಿ ಬೈಯುವಾಗ ನಾನು ನಕ್ಕೆ, ಒಂದು ವಾರ ಕಡಾಯಿ ತಿಕ್ಕಿದೆ. ಆದರೆ ಅಷ್ಟು ಉಳ್ಳಾಗಡ್ಡಿ ಕಾಕಾನ ಬಾಯಿಗೆ ಹೇಗೆ ಸಿಗಲಿಲ್ಲ ಎಂದು ನಾನು ಯೋಚಿಸಲಿಲ್ಲ. ಮೇಡಮ್ಮೂ ಯೋಚಿಸಲಿಲ್ಲ, ಆಗ.

ಯೋಚಿಸುವ ಹಾಗೆ ಮಾಡಿದವನು ನಾನು.

ಅದೇ ವರ್ಷ ಮೇ ತಿಂಗಳ ಒಂದು ಶನಿವಾರ, ಮಧ್ಯಾಹ್ನದ ಚಹಾದ ಹೊತ್ತು. ಮೇಡಂ ಖುಷಿಯಲ್ಲಿದ್ದರು. "ರಾಜು, ಲಿಸನ್, ಕಾಕಾ ಕಾ ಕರ್‌ಕೆ ದಿಖಾ" ಎಂದರು. ಕಾಕಾ ಅಲ್ಲೇ ಮೂಲೆಯಲ್ಲಿ ಬಸಿಗೆ ಚಹಾ ಸುರುವಿಕೊಂಡು ಕೂತಿದ್ದರು. ನಾನು ಟವಲನ್ನು ಹೆಗಲಿಗೆ ಹಾಕಿಕೊಂಡು ಕಾಕಾ ಆದೆ. ತುಂಡನ್ನು ಬೆಳಕಿಗೆ ಹಿಡಿದೆ. ಮುರಿದು ಸದ್ದು ಕೇಳಿದೆ. ಮೂಗಿನ ಹತ್ತಿರ ತಂದೆ, ಬಾಯಿಗಿಟ್ಟೆ, ಕಣ್ಣು ಮುಚ್ಚಿದೆ. ಆಮೇಲೆ ಒಂದೇ ಕಣ್ಣು ತೆರೆದು ಮೇಡಂ ಮುಖ ನೋಡಿದೆ, ನಂತರ ಪಕ್ಕದವನ ಮುಖ ನೋಡಿದೆ, ಕೊನೆಗೆ ಗಂಟಲು ಸರಿಮಾಡಿಕೊಂಡು "ಚಲೋ ಐತಿ" ಎಂದೆ.

ಎಲ್ಲರೂ ನಕ್ಕರು. ಮೇಡಮ್ಮೂ ನಕ್ಕು, ನಡುವೆ ನಿಲ್ಲಿಸಿದರು. "ಫಿರ್ ಸೆ ಕರ್."

ನಾನು ಇನ್ನಷ್ಟು ಉಪ್ಪುಖಾರ ಹಚ್ಚಿ ಮತ್ತೆ ಮಾಡಿದೆ.

"ಖಾನೇ ಕೆ ಬಾದ್ ವೋ ಮೇರೆ ಕೋ ಕಾಯ್‌ಕು ದೇಖ್ತಾ ಹೈ?" ಎಂದರು ಮೇಡಂ. ತಿಂದ ಮೇಲೆ ಅವನು ನನ್ನನ್ನೇಕೆ ನೋಡುತ್ತಾನೆ?

ನನಗೆ ಗೊತ್ತಿರಲಿಲ್ಲ. ನಕಲಿ ಮಾಡುವವನು ಕಂಡದ್ದನ್ನು ಮಾಡುತ್ತಾನೆ, ಇಲ್ಲದ್ದನ್ನು ಸೇರಿಸುವುದಿಲ್ಲ. ಸೇರಿಸಿದರೆ ಯಾರೂ ನಗುವುದಿಲ್ಲ. ನನ್ನ ತಲೆಗೆ ತಿಳಿಯದ್ದನ್ನು ನನ್ನ ಕಣ್ಣು ನೋಡಿಟ್ಟಿತ್ತು. ಕಾಕಾ ಬಸಿಯನ್ನು ಕೆಳಗಿಟ್ಟು ಎದ್ದುಹೋದರು. ಒಳಗೆ ಒರೆಸಿದ್ದ ಕಲ್ಲನ್ನೇ ಮತ್ತೆ ಒರೆಸುತ್ತಿದ್ದ ಸದ್ದು ಕೇಳಿತು.

ಸಂಜೆಗೆ ಮೇಡಂ ತೀರ್ಮಾನ ಹೇಳಿದರು. ಆ ವರ್ಷಗಳಲ್ಲಿ ಹೊರದೇಶದ ಚಾಕಲೇಟಿನ ಗಟ್ಟಿ ಸಿಗುತ್ತಿರಲಿಲ್ಲ, ಇಲ್ಲಿನದು ನಮ್ಮಂಥ ಸಣ್ಣವರಿಗೆ ಬೇಕಾದಾಗ ಬರುತ್ತಿರಲಿಲ್ಲ. ಕೇರಳದ ಕಡೆ ಹೊಸದಾಗಿ ಬೆಳೆಯುತ್ತಿದ್ದ ಕೋಕೋ ಬೀಜ ತರಿಸಿ ನಾವೇ ಹುರಿದು ಅರೆಯಬೇಕೆಂದು ಮೇಡಂ ಕಲ್ಲಿನ ಯಂತ್ರ ಹಾಕಿಸಿದ್ದರು. ದಲಾಲನೊಬ್ಬ ಜೂನ್ ಮೊದಲ ಸೋಮವಾರ ಮೂರು ಚೀಲ ತರುವವನಿದ್ದ. ಯಾವುದನ್ನು ಕೊಳ್ಳಬೇಕೆಂದು ಕಾಕಾ ಒಬ್ಬರೇ ರುಚಿ ನೋಡಿ ಹೇಳಬೇಕು. ಮೇಡಂ ಮುಖ ತಿರುಗಿಸಿ ಕೂರುತ್ತಾರೆ. ತಪ್ಪಿದರೆ ಹೋಟೆಲಿನಲ್ಲಿ ಕಲಿತ ಒಬ್ಬನನ್ನು ಆ ಜಾಗಕ್ಕೆ ತರುತ್ತಾರೆ, ಕಾಕಾ ಚಾಕಲೇಟಿಗೆ ಕಾಗದ ಸುತ್ತುವ ಸಾಲಿಗೆ ಹೋಗುತ್ತಾರೆ. ಮೇಡಂ ಕ್ರೂರಿಯಲ್ಲ. ಭಜಿಯ ಮೊಟ್ಟೆಯ ಡಬ್ಬಿಯ ಮೇಲೆ ಇದ್ದದ್ದು ಅವರ ಹೆಸರು.

ಮರುದಿನ ಭಾನುವಾರ, ಕಾಕಾನ ಖೋಲಿಗೆ ಹೋದೆ. ಬ್ರಿಜ್ಜಿನ ಆಚೆ ಒಂದು ಚಾಳಿನ ಎರಡನೆಯ ಮಾಳಿಗೆ. ರೊಟ್ಟಿ, ಅಗಸಿ ಚಟ್ನಿ ಇಟ್ಟುಕೊಂಡು ಊಟಕ್ಕೆ ಕೂತಿದ್ದರು. ನನ್ನನ್ನು ನೋಡಿ, "ಬಾ, ಇಲ್ಲೇನೂ ನಕಲಿ ಮಾಡಾಕ ಉಳಿದಿಲ್ಲ" ಎಂದರು.

"ಕಾಕಾ, ನನಗ ಗೊತ್ತಿರಲಿಲ್ರಿ."

"ನನಗ ಗೊತ್ತಿತ್ತಲೇ. ಎರಡು ವರ್ಷಾತು. ಆ ದೊಡ್ಡ ಜ್ವರ ಬಂದಿತ್ತಲ್ಲ, ಅದು ಹೋಗೂವಾಗ ಮೂಗು ತಗೊಂಡು ಹೋತು. ಸಂಡಾಸದ ಲೈನಿನಾಗ ನಿಂತ್ರೂ ಒಂದ, ಮಲ್ಲಿಗಿ ಮಾರೂ ಹೆಣಮಗಳ ಮುಂದ ನಿಂತ್ರೂ ಒಂದ."

"ನಾಲಗಿ?"

"ಸಿಹಿ ತಿಳೀತದ, ಉಪ್ಪು ತಿಳೀತದ, ಕಹಿ ತಿಳೀತದ. ಕಹಿ ಯಾತರದು ಅನ್ನೂದು ತಿಳಿಯಂಗಿಲ್ಲ. ಹೊತ್ತಿದ್ದೋ, ಹೊಗಿ ಕುಡದದ್ದೋ, ಮುಗ್ಗಿದ್ದೋ. ಅದೆಲ್ಲಾ ಮೂಗಿನ ಕೆಲಸ."

ಅವರಿಗೆ ಕಣ್ಣು ಮುಚ್ಚಿಸಿ ಕೊತ್ತಂಬರಿ, ಜೀರಿಗೆ, ಬಳ್ಳೊಳ್ಳಿ ಎಂದು ಅಡಿಗೆಯ ಕಟ್ಟೆಯ ಮೇಲಿದ್ದದ್ದನ್ನೆಲ್ಲ ಒಂದೊಂದಾಗಿ ಬಾಯಿಗೆ ಕೊಟ್ಟು ನೋಡಿದೆ. ಜೀರಿಗೆಗೆ ಕೊತ್ತಂಬರಿ ಎಂದರು. ಸಕ್ಕರೆಗೆ ಸಕ್ಕರೆ ಎಂದು ಹೇಳಿ, "ಇಷ್ಟ ನೋಡಪಾ ನನ್ನ ವಿದ್ಯಾ" ಎಂದರು. ಇಪ್ಪತ್ತು ವರ್ಷ ಕಲ್ಲಿನ ಮುಂದೆ ನಿಂತವರನ್ನು ಕಾಗದ ಸುತ್ತಲು ಕೂರಿಸುವುದನ್ನು ನಾನು ನೋಡಬೇಕಾಗಿತ್ತು, ಅದೂ ನನ್ನ ಮಸ್ಕಿರಿಯಿಂದ.

ಉಪಾಯ ನನ್ನದೇ. ಮಾದರಿಗಳನ್ನು ಹುರಿದು ಕುಟ್ಟುವ ಕೆಲಸ ನನಗೆ ಇತ್ತು. ಆಗ ನಾನು ರುಚಿ ನೋಡಬಹುದು. ಕಾಕಾ ತಿನ್ನುವಾಗ ನಾನು ಮೇಡಂ ಬೆನ್ನ ಹಿಂದೆ ನಿಂತು ಮುಖ ಮಾಡುತ್ತೇನೆ. ಹೊಗೆಯಿದ್ದರೆ ಹುಬ್ಬು ಮೇಲೆ, ಮುಗ್ಗಲಿದ್ದರೆ ಮೂಗು ತುರಿಸುವುದು, ಬೇರೇನಾದರೂ ಕೆಟ್ಟದಿದ್ದರೆ ಬಾಯಿ ಸೊಟ್ಟ. ಚೆನ್ನಾಗಿದ್ದರೆ ಸುಮ್ಮನೆ ನಿಲ್ಲುವುದು.

ಕಾಕಾ ಕೈಯಲ್ಲಿದ್ದ ರೊಟ್ಟಿಯ ಚೂರನ್ನು ತಟ್ಟೆಗಿಟ್ಟು ಒಪ್ಪಿದರು. ನಾನು ಬಾಗಿಲಿಗೆ ಬಂದಾಗ, "ರಾಜ್ಯಾ, ಅವತ್ತು ನಕಲಿ ಮಾಡಬ್ಯಾಡ. ಖರೇ ಮಾರಿ ಮಾಡು" ಎಂದರು.

ಜೂನ್‌ನ ಆ ಸೋಮವಾರ ಬಂತು. ನನಗೆ ಹೆದರಿಕೆಯಾದರೆ ಬಾಯಿ ಸುಮ್ಮನಿರುವುದಿಲ್ಲ. ಮಾತಾಡಬೇಕು, ಇಲ್ಲವೆ ತಿನ್ನಬೇಕು. ಸ್ಟೇಷನ್ನಿನ ಹೊರಗೆ ಬುಟ್ಟಿ ತುಂಬ ನೇರಳೆ ಹಣ್ಣು ಬಂದಿದ್ದವು. ಎಲೆಯ ದೊನ್ನೆಯಲ್ಲಿ ಉಪ್ಪು ಹಾಕಿಸಿಕೊಂಡು ಕಾರ್ಖಾನೆಯ ಬಾಗಿಲವರೆಗೂ ತಿಂದೆ. ರುಚಿ ನೋಡುವ ಕೆಲಸದವನು ಮಾಡಬಾರದ ಕೆಲಸಗಳ ಪಟ್ಟಿಯಲ್ಲಿ ಇದು ಮೊದಲನೆಯದು. ಆ ಪಟ್ಟಿ ಆಗ ಇರಲಿಲ್ಲ, ಅಂದಿನಿಂದ ಶುರುವಾಯಿತು.

ಮೂರೂ ಬೀಜಗಳನ್ನು ಹುರಿದು, ಸಿಪ್ಪೆ ತೆಗೆದು, ಸಕ್ಕರೆ ಹಾಕಿ ಕುಟ್ಟಿ, ಬೇರೆ ಬೇರೆ ತಟ್ಟೆಗೆ ಹಾಕಿದೆ. ಒಂದನೆಯದರಲ್ಲಿ ಒಲೆಯ ಹೊಗೆ ಘಾಟು. ಎರಡು ಮತ್ತು ಮೂರಕ್ಕೆ ವಾಸನೆಯ ದೋಷ ಇರಲಿಲ್ಲ, ಆದರೆ ಬಾಯಿಗಿಟ್ಟರೆ ನಾಲಗೆ ಮುದುಡುತ್ತಿತ್ತು, ಕೆನ್ನೆ ಒಳಗೆ ಎಳೆಯುತ್ತಿತ್ತು. ಮೂರೂ ಕೆಟ್ಟ ಮಾಲು ಎಂದು ತೀರ್ಮಾನಿಸಿಬಿಟ್ಟೆ. ಬಾಯಿ ಮುದುಡಿದ್ದು ಯಾತರಿಂದ ಎಂದು ಕೇಳಿಕೊಳ್ಳಲಿಲ್ಲ.

ಮೇಡಂ ಗೋಡೆಯ ಕಡೆ ಮುಖ ಮಾಡಿ ಸ್ಟೂಲಿನ ಮೇಲೆ ಕೂತರು. ದಲಾಲ ಕಾಕಾನ ಬಾಯನ್ನೇ ನೋಡುತ್ತ ಕೈಕಟ್ಟಿ ನಿಂತಿದ್ದ. ಮೇಜಿನ ಈಚೆಯ ಸ್ಟೂಲಿನಲ್ಲಿ ಕಾಕಾ. ನಾನು ಮೇಡಂ ಬೆನ್ನ ಹಿಂದೆ.

ಮೊದಲನೆಯದು. ಕಾಕಾ ತಿಂದು ನನ್ನ ಕಡೆ ಒಂದು ಕಣ್ಣು ತೆರೆದರು. ನಾನು ಹುಬ್ಬೇರಿಸಿದೆ. "ಧುವಾಂ ಹೈ. ಲಕಡೀ ಪೆ ಸುಖಾಯಾ" ಎಂದರು ಕಾಕಾ. ದಲಾಲ, ಮಳೆಗೆ ಬೇರೆ ಉಪಾಯವಿರಲಿಲ್ಲ, ಒಲೆಯ ಮೇಲೇ ಒಣಗಿಸಿದ್ದು ಎಂದು ಒಪ್ಪಿಕೊಂಡ.

ಎರಡನೆಯದು. ನಾನು ಬಾಯಿ ಸೊಟ್ಟ ಮಾಡಿದೆ. ಕಾಕಾ ನನ್ನನ್ನು ನೋಡಿದರು. ನಾಲಗೆಯನ್ನು ಅಂಗುಳಕ್ಕೆ ತಿಕ್ಕಿದರು. "ಇದು ಒಗರ ಐತಿ" ಎಂದು ಕನ್ನಡದಲ್ಲೇ ಹೇಳಿಬಿಟ್ಟರು.

"ಕ್ಯಾ ಹೈ?" ಎಂದರು ಮೇಡಂ ಗೋಡೆಗೆ.

"ಕಡವಾ ಹೈ ಬೋಲ್ತಾ" ಎಂದ ದಲಾಲ. "ಕಡವಾ ತೋ ಹೋಗಾ ಹೀ. ಶಕ್ಕರ್ ಬಢಾ ದೋ." ಕಹಿ ಇದ್ದೇ ಇರುತ್ತದೆ, ಸಕ್ಕರೆ ಹೆಚ್ಚು ಹಾಕಿ.

ಕಾಕಾ ನನ್ನ ಕಡೆ ತಿರುಗಿದರು. "ಹೇಳಲೇ ಇವರಿಗೆ. ಕಹಿ ಬ್ಯಾರೆ, ಒಗರ ಬ್ಯಾರೆ. ಕಹಿಗೆ ಸಕ್ಕರಿ ಹಾಕಿದ್ರ ಅದು ತಗ್ಗತದ. ಒಗರಿಗೆ ಸಕ್ಕರಿ ಹಾಕಿದ್ರ ಸಿಹಿ ಒಗರ ಆಗತದ, ಅಷ್ಟ."

ಒಗರಿಗೆ ಹಿಂದಿಯಲ್ಲಿ ಏನೆನ್ನುತ್ತಾರೋ ನನಗೆ ಗೊತ್ತಿರಲಿಲ್ಲ. ಮೇಡಂ ಮುಂದೆ ಬಂದು ಮುಖದಲ್ಲೇ ಹೇಳಿದೆ: ಕಹಿಗೆ ನಾಲಗೆ ಹೊರಗೆ ಚಾಚಿ ತೋರಿಸಿದೆ, ಒಗರಿಗೆ ಕೆನ್ನೆ ಒಳಗೆ ಎಳೆದು, ತುಟಿ ಮುದುಡಿ, ಹಸಿ ಬಾಳೆಕಾಯಿ ಕಚ್ಚಿದವನಾದೆ. ಮೇಡಮ್ಮಿಗೆ ತಿಳಿಯಿತು. ಅವರೂ ಅದೇ ಮುಖ ಮಾಡಿ ನೋಡಿಕೊಂಡರು.

ಮೂರನೆಯದು. ನಾನು ಮತ್ತೆ ಜಾಗಕ್ಕೆ ಹೋಗಿ ಬಾಯಿ ಸೊಟ್ಟ ಮಾಡಿದೆ. ಕಾಕಾ ನೋಡಿದರು. ತಡಮಾಡಿದರು. ನಾನು ಇನ್ನೂ ಸೊಟ್ಟ ಮಾಡಿದೆ. ಅವರು ಇನ್ನೊಂದು ಚೂರು ಬಾಯಿಗಿಟ್ಟು ಎರಡೂ ಕಣ್ಣು ಮುಚ್ಚಿದರು. ಆ ಎರಡು ವರ್ಷಗಳಲ್ಲಿ ಅವರು ಯಾರ ಮುಖವನ್ನೂ ನೋಡದೆ ಹೇಳಿದ್ದು ಅದೊಂದೇ ಸಲ ಇರಬೇಕು.

"ಇದು ಚಲೋ ಐತಿ. ಒಗರ ಇಲ್ಲ. ತಗೋರಿ ಇದನ್ನ."

ತಪ್ಪಿದರು, ಕೆಲಸ ಹೋಯಿತು ಎಂದುಕೊಂಡೆ. ದಲಾಲ, ಎರಡೂ ಒಂದೇ ತೋಟದ ಮಾಲು, ಒಂದು ಕೆಟ್ಟು ಒಂದು ಒಳ್ಳೆಯದು ಹೇಗಾಗುತ್ತದೆ ಎಂದು ಹಿಂದಿಯಲ್ಲಿ ಜಗಳ ತೆಗೆದ. ಕಾಕಾ ಎದ್ದು ಚಾಕು ತಂದು, ಹುರಿಯದ ಬೀಜಗಳನ್ನು ಎರಡೂ ಚೀಲದಿಂದ ತೆಗೆದು ಮೇಜಿನ ಮೇಲೆ ಸೀಳಿದರು. ಕೋಕೋ ಹಣ್ಣಿನಿಂದ ತೆಗೆದ ಬೀಜವನ್ನು ಬಾಳೆ ಎಲೆಯಲ್ಲಿ ಮುಚ್ಚಿ ಕೆಲವು ದಿನ ಹುಳಿ ಬರಿಸಬೇಕು. ಸರಿಯಾಗಿ ಬಂದರೆ ಒಳಗೆ ಕಂದು, ಅವಸರ ಮಾಡಿದರೆ ಹಸಿ ನೇರಳೆ ಬಣ್ಣ ಉಳಿಯುತ್ತದೆ, ಒಗರೂ ಉಳಿಯುತ್ತದೆ. ಮೂರನೆಯ ಚೀಲದ ಬೀಜಗಳು ಕಂದಾಗಿದ್ದವು. ಎರಡನೆಯದರಲ್ಲಿ ಸೀಳಿದ್ದೆಲ್ಲ ನೇರಳೆ.

ದಲಾಲ ಎರಡನೆಯ ಚೀಲದ ಬಾಯಿ ಕಟ್ಟತೊಡಗಿದ. ಕಾಕಾ ಚಾಕು ಕೆಳಗಿಟ್ಟು ನನ್ನ ಕಡೆ ನೋಡಿದರು.

"ರಾಜ್ಯಾ, ನಾಲಗಿ ಚಾಚು."

ಚಾಚಿದೆ. ಮೇಡಂ ಗೋಡೆಯಿಂದ ಪೂರ್ತಿ ತಿರುಗಿ ಎರಡನೆಯ ಚೀಲದ ಸೀಳಿದ ಬೀಜ ನೋಡಿದರು, ನನ್ನ ನಾಲಗೆ ನೋಡಿದರು. ಎರಡೂ ಒಂದೇ ಬಣ್ಣ.

"ಜಾಮೂನ್ ಖಾಯಾ?" ಎಂದರು, ನೇರಳೆ ಹಣ್ಣು ತಿಂದೆಯಾ ಎಂದು. ನಾನು ತಲೆಯಾಡಿಸಿದೆ. ಅವರು ಬುದ್ಧಿವಂತರು; ಮುಂದಿನದನ್ನು ಕೇಳುವ ಮುಂಚೆಯೇ ಅವರಿಗೆ ತಿಳಿದುಹೋಗಿತ್ತು. "ತೂ ಪೀಛೆ ಖಡಾ ರಹ್‌ಕೆ ಉಸ್‌ಕೋ ಮೂಂಹ್ ಬನಾಕೆ ದಿಖಾತಾ ಥಾ?" ಹಿಂದೆ ನಿಂತು ಅವನಿಗೆ ಮುಖ ಮಾಡಿ ತೋರಿಸುತ್ತಿದ್ದೆಯಾ?

ನಾನು ಒಂದು ಒಳ್ಳೆಯ ಸುಳ್ಳು ಹುಡುಕುತ್ತಿದ್ದೆ. ಕಾಕಾ ಅವಕಾಶ ಕೊಡಲಿಲ್ಲ. ಟವಲನ್ನು ಹೆಗಲಿನಿಂದ ತೆಗೆದು ಮಡಿಚಿ ಮೇಜಿನ ಮೇಲಿಟ್ಟರು. "ಮೇರಾ ನಾಕ್ ಗಯಾ, ಮೇಡಂ. ದೋ ಸಾಲ್ ಹುವಾ. ಜೀಭ್ ಹೈ."

ಮೂಗು ಹೋಯಿತು, ನಾಲಗೆ ಇದೆ. ಕಾಕಾನ ಹಿಂದಿ ಅಷ್ಟೇ ಇತ್ತು. ಅಷ್ಟು ಸಾಕಾಯಿತು. ಆ ನಾಲಗೆಗೆ ಒಗರು ತಿಳಿಯುತ್ತದೆ ಎಂಬುದು ಭಾನುವಾರ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಚಾಳಿನ ಆ ಕಟ್ಟೆಯ ಮೇಲೆ ಒಗರಾದದ್ದು ಒಂದೂ ಇರಲಿಲ್ಲ. ಒಗರು ವಾಸನೆಯಲ್ಲ, ಬಾಯಿಯ ಚರ್ಮಕ್ಕೆ ತಗಲುವ ವಿಷಯ. ಹೀಗೆಂದು ಕಲಿತವರು ಆಮೇಲೆ ನನಗೆ ಹೇಳಿದರು. ಕಾಕಾ ಅಂದೇ ತಿಳಿದುಕೊಂಡರು.

ಮೇಡಂ ಮೂರನೆಯ ತಟ್ಟೆಯಿಂದ ಒಂದು ಚೂರು ತಿಂದರು, ಎರಡನೆಯದರಿಂದ ಒಂದು ಚೂರು ತಿಂದು ಕೆನ್ನೆ ಎಳೆದುಕೊಂಡರು. ದಲಾಲನಿಗೆ ಮೂರನೆಯ ಚೀಲ ಇಳಿಸಲು ಹೇಳಿದರು. ಮಡಿಚಿಟ್ಟ ಟವಲು ಸಂಜೆಯವರೆಗೂ ಮೇಜಿನ ಮೇಲೇ ಇತ್ತು. ಕಾಕಾ ಅದನ್ನು ಮುಟ್ಟಲಿಲ್ಲ, ಬೇರೆಯವರು ತೆಗೆಯಲಿಲ್ಲ.

ಮರುದಿನ ಬೆಳಿಗ್ಗೆ ಬಂದು ನೋಡಿದರೆ ರುಚಿಯ ಮೇಜಿನ ಮುಂದೆ ಒಂದರ ಬದಲು ಎರಡು ಸ್ಟೂಲು. ಟವಲು ಒಂದರ ಮೇಲಿತ್ತು. "ಲಿಸನ್" ಎಂದರು ಮೇಡಂ ನನಗೆ. "ಜಾಮೂನ್ ಕೆ ಸೀಜನ್ ಮೇ ತೂ ಘರ್ ಸೆ ಖಾಲಿ ಮೂಂಹ್ ಆಯೇಗಾ." ನೇರಳೆ ಹಣ್ಣಿನ ಕಾಲದಲ್ಲಿ ಬಾಯಿ ಖಾಲಿ ಇಟ್ಟುಕೊಂಡು ಬಾ. ಇದಕ್ಕಿಂತ ದೊಡ್ಡ ಬಡ್ತಿ ಪತ್ರ ನನಗೆ ಮುಂದೆ ಬರಲಿಲ್ಲ.

ಅಂದಿನಿಂದ ಹೊಗೆ, ಮುಗ್ಗಲು, ಉಳ್ಳಾಗಡ್ಡಿ ನನ್ನ ಪಾಲು. ಕಹಿ, ಸಿಹಿ, ಒಗರು ಕಾಕಾನ ಪಾಲು. ಮೇಡಂ ಬೀಜದ ಡಬ್ಬಿಗಳ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ "ಒಗರ್" ಎಂದು ಬರೆಯತೊಡಗಿದರು. ಬಾಂದ್ರಾದ ಕೆಲವು ಗಿರಾಕಿಗಳು ಅದನ್ನು ಪೋರ್ಚುಗೀಸ್ ಶಬ್ದವೆಂದು ತಿಳಿದಿದ್ದರು. ಹೊಸದಾಗಿ ಅಂಗಡಿ ಇಡುವ ಆ ಇಬ್ಬರಿಗೂ ಇಷ್ಟೇ ಹೇಳುವುದು: ಕಪ್ಪನ್ನು ಕೊಳ್ಳುವಾಗ ಕಹಿಗೆ ಹೆದರಬೇಡಿ, ಒಗರಿಗೆ ಹೆದರಿ. ಮತ್ತು ಒಬ್ಬರೇ ರುಚಿ ನೋಡಬೇಡಿ. ಇಬ್ಬರಿದ್ದೀರಿ, ಎರಡು ಸ್ಟೂಲು ಹಾಕಿ.

ಅದೇ ವಾರದ ಶನಿವಾರದ ಚಹಾದ ಕಥೆ ಹೇಳುವುದು ಉಳಿಯಿತು. ಎಲ್ಲರೂ ಸೇರಿದ್ದರು, ಯಾರೂ ನನಗೆ ನಕಲಿ ಮಾಡು ಎನ್ನಲಿಲ್ಲ, ನಾನೂ ಮುಂದಾಗಲಿಲ್ಲ. ಕಾಕಾ ಬಸಿಯನ್ನು ಕೆಳಗಿಟ್ಟು ಎದ್ದು ಮೇಡಂ ಕುರ್ಚಿಯ ಹಿಂದೆ ಹೋಗಿ ನಿಂತರು. ಹುಬ್ಬು ಏರಿಸಿದರು. ಮೂಗು ತುರಿಸಿದರು. ಬಾಯಿಯನ್ನು ಕಿವಿಯವರೆಗೆ ಸೊಟ್ಟ ಮಾಡಿದರು. ಇಪ್ಪತ್ತು ವರ್ಷದಲ್ಲಿ ಅವರು ನಕಲಿ ಮಾಡಿದ್ದನ್ನು ಯಾರೂ ನೋಡಿರಲಿಲ್ಲ. ಮೇಡಂ ತಿರುಗಿ ನೋಡಿ, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

ನಾನೂ ನಕ್ಕೆ. ಆಮೇಲೆ ಅವರ ಕೈಗಳನ್ನು ನೋಡಿದೆ. ಮುಖ ಅಷ್ಟೆಲ್ಲ ಆಟವಾಡುತ್ತಿದ್ದಾಗ ಕೆಳಗೆ ಎರಡೂ ಅಂಗೈಗಳು ಎದೆಯ ಮುಂದೆ ಜೋಡಿಯಾಗಿ ಮೇಲ್ಮುಖವಾಗಿ ತೆರೆದಿದ್ದವು, ನಮ್ಮ ಮನೆಯಲ್ಲಿ ದುವಾ ಬೇಡುವಾಗ ಹಿಡಿಯುವ ಹಾಗೆ.

"ಕಾಕಾ, ಕೈ ಹಂಗ ಹಿಡಿದಿದ್ನೇನ್ರಿ ನಾ?"

"ಹಿಡಿದಿದ್ದಿ" ಎಂದರು ಕಾಕಾ, ಬಸಿ ಎತ್ತಿಕೊಳ್ಳುತ್ತ. "ಇಲ್ಲದ್ದು ನಾ ಯಾಕ ಮಾಡಲಿ?"